ವುಡ್‌ಲ್ಯಾಂಡ್ಸಿನ ಹಿಮದ ಮೇಷ್ಟ್ರು

ಮುಕುಂದನ ಬಾಯಲ್ಲಿ ಆ ಹೊತ್ತಿಗೆ ಒಬ್ಬಟ್ಟು ಇಲ್ಲದೆ ಹೋಗಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ. ಒಬ್ಬಟ್ಟು ಸಣ್ಣದಾಗಿದ್ದರೂ ಸಾಕಿತ್ತು. ಆದರೆ ಅದನ್ನು ತಟ್ಟಿದವರು ಶಿವರಾಮ್ ಅವರ ಹೆಂಡತಿ ಜಯಾ. ಹೂರಣ ತುಂಬುವಾಗ ಅವರ ಕೈ ಹಿಂದೆಮುಂದೆ ನೋಡುವುದಿಲ್ಲ.

ಅದು ಎರಡು ಸಾವಿರದ ಹದಿನೇಳರ ದೀಪಾವಳಿ ಕಳೆದ ಭಾನುವಾರ. ವರ್ಷವಿಡೀ ಬೇಸಿಗೆಯೇ ಇರುವ ಆ ಪರದೇಶದ ದ್ವೀಪದಲ್ಲಿ, ಶಿವರಾಮ್ ಅವರಿದ್ದ ಕಾಂಡೋ ಅಪಾರ್ಟ್‌ಮೆಂಟಿನ ಫಂಕ್ಷನ್ ರೂಮಿನಲ್ಲಿ ಐದು ಕನ್ನಡ ಸಂಸಾರಗಳು ಸೇರಿ, ಮನೆಯಿಂದ ತಂದ ಅಡಿಗೆಯನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಹಬ್ಬ ಮಾಡುತ್ತಿದ್ದವು. ಹೊರಗೆ ಈಜುಕೊಳದ ನೀರು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಒಳಗೆ ಏಸಿ ತಣ್ಣಗೆ ಗುಂಯ್ ಎನ್ನುತ್ತಿತ್ತು. ಮುಕುಂದ ಎರಡನೆಯ ಒಬ್ಬಟ್ಟನ್ನು ತುಪ್ಪದ ಸಮೇತ ಮಡಿಚಿ ಇಡಿಯಾಗಿ ಬಾಯಿಗಿಟ್ಟ. ಆ ಗಳಿಗೆಗೆ ಸರಿಯಾಗಿ ಶಿವರಾಮ್ ತಮ್ಮ ಫೋನನ್ನು ಅವನ ಮೂಗಿನ ಮುಂದೆ ಹಿಡಿದರು.

"ಮುಕುಂದ್ ಸಾರ್, ನಿಮ್ಮ ಹೊಸ ಡೀಪಿ ನೋಡ್ದೆ. ಎಲ್ಲಿದು? ಆಸ್ಟ್ರಿಯಾನಾ, ಸ್ವಿಸ್ಸಾ?"

ಫೋಟೋದಲ್ಲಿ ಮುಕುಂದ ದಪ್ಪನೆಯ ನೀಲಿ ಕೋಟು ತೊಟ್ಟು, ತಲೆಗೆ ಟೋಪಿ ಎಳೆದುಕೊಂಡು, ಕಣ್ಣಿಗೆ ದೊಡ್ಡ ಕನ್ನಡಕ ಏರಿಸಿ, ಎರಡೂ ಕೈಯಲ್ಲಿ ಒಂದೊಂದು ಉದ್ದ ಕೋಲು ಹಿಡಿದು ನಿಂತಿದ್ದ. ಮೀಸೆಯ ಮೇಲೆ ಬಿಳಿಯ ಹರಳು. ಹಿಂದೆ ಬರೀ ಬೆಳ್ಳಗೆ.

ಮುಕುಂದ ತಲೆಯಾಡಿಸಿದ. ನಮ್ಮವರ ತಲೆಯಾಟದಲ್ಲಿ ಹೌದಿಗೂ ಅಲ್ಲಕ್ಕೂ ಇರುವ ವ್ಯತ್ಯಾಸ ಬಹಳ ಸೂಕ್ಷ್ಮವಾದದ್ದು. ಬಾಯಿ ತುಂಬಿದ್ದಾಗಲಂತೂ ಅದು ಇಲ್ಲವೇ ಇಲ್ಲ.

"ಎರಡೂ ಕಡೆ ಹೋಗಿದಾರಂತೆ," ಎಂದು ಶಿವರಾಮ್ ರೂಮಿಗೆಲ್ಲ ಕೇಳುವ ಹಾಗೆ ಸಾರಿದರು. "ನೋಡಿ ಮನುಷ್ಯನ್ನ. ಇಷ್ಟು ವರ್ಷ ನಮ್ಮ ಜೊತೇಲಿದ್ದು ಒಂದಿನ ಬಾಯಿ ಬಿಟ್ಟಿಲ್ಲ."

ಬಾಯಿ ಬಿಡುವ ಸ್ಥಿತಿಯಲ್ಲಿ ಮುಕುಂದ ಈಗಲೂ ಇರಲಿಲ್ಲ.

ಶಿವರಾಮ್ ಟೋವಾ ಪಾಯೋ ಬಡಾವಣೆಯಲ್ಲಿ ಒಂದು ಕಂಪನಿಯ ಪ್ರಾಜೆಕ್ಟ್ ಮ್ಯಾನೇಜರು. ಹಬ್ಬವಾಗಲಿ, ಪಿಕ್ನಿಕ್ ಆಗಲಿ, ಎದ್ದು ನಿಂತು ಎಲ್ಲರಿಗೂ ಕೆಲಸ ಹಂಚಿಕೊಡದೆ ಅವರಿಗೆ ಸಮಾಧಾನವಿಲ್ಲ. ಡಿಸೆಂಬರಿನ ಶಾಲೆ ರಜಕ್ಕೆ ಐದೂ ಸಂಸಾರ ಆಲ್ಪ್ಸ್ ಪರ್ವತಕ್ಕೆ ಹೋಗಿ ಸ್ಕೀಯಿಂಗ್ ಮಾಡುವುದೆಂದು ಅವರು ಆಗಲೇ ಟಿಕೆಟ್ಟು, ಹೋಟೆಲು ಎಲ್ಲ ಬುಕ್ ಮಾಡಿ ಮುಗಿಸಿದ್ದರು. ಕೊರತೆಯಿದ್ದದ್ದು ಒಂದೇ. ಹಿಮದ ಮೇಲೆ ನಿಂತು ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಪ್ರತಾಪ್ ಎಂಬುವವರು ಮಧುಚಂದ್ರಕ್ಕೆ ಮನಾಲಿಗೆ ಹೋಗಿದ್ದರು ನಿಜ; ಆದರೆ ಅಲ್ಲಿ ಅವರನ್ನು ಜಾರುಬಂಡಿಯಲ್ಲಿ ಕೂರಿಸಿ ಬೇರೊಬ್ಬ ಎಳೆದಿದ್ದ. ಅದನ್ನು ಅನುಭವವೆಂದು ಶಿವರಾಮ್ ಒಪ್ಪಿರಲಿಲ್ಲ.

"ಸೋ, ನಮ್ಮ ಲೀಡರ್ ಸಿಕ್ಕಿದ್ರು," ಎಂದರು ಶಿವರಾಮ್. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರತಾಪ್ ಮಾತ್ರ ಫೋನನ್ನು ಇಸಿದುಕೊಂಡು, ಚಿತ್ರವನ್ನು ಎರಡು ಬೆರಳಲ್ಲಿ ಅಗಲಿಸಿ ಅಗಲಿಸಿ ನೋಡಿ, "ಕಾಲು ಕಾಣ್ತಾ ಇಲ್ವಲ್ಲ," ಎಂದರು.

ಒಬ್ಬಟ್ಟು ಗಂಟಲು ದಾಟಿತು. ಮುಕುಂದ ನಿಜ ಹೇಳುವುದಕ್ಕೆಂದು ಬಾಯಿ ತೆರೆದ. ಆಗಲೇ ಅತ್ತ ಮಕ್ಕಳ ಗುಂಪಿನಿಂದ ಹಿತಾ ಕತ್ತು ತಿರುಗಿಸಿ ಅಪ್ಪನನ್ನು ನೋಡಿದಳು.

ಹಿತಾಗೆ ಹನ್ನೊಂದು ವರ್ಷ. ಈ ಒಂದೆರಡು ವರ್ಷದಿಂದ ಅವಳು ಅಪ್ಪನನ್ನು ನೋಡುವುದು ಲಿಫ್ಟಿನ ಬಾಗಿಲನ್ನು ನೋಡಿದ ಹಾಗೆ. ತೆರೆದರೆ ಸಾಕು, ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಶಾಲೆಯ ಮುಂದೆ ಅಪ್ಪ ಬಂದು ನಿಂತರೆ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಅವಳು ಈಗ ನೋಡಿದ ರೀತಿ ಬೇರೆ. ಮನೆಯಲ್ಲಿ ಇಷ್ಟು ದಿನ ಇದ್ದ ಈ ಮನುಷ್ಯ ಯಾರು ಎಂದು ಕೇಳುವ ಹಾಗಿತ್ತು ಅದು, ಕಣ್ಣಲ್ಲಿ ಬೆಳಕಿತ್ತು.

ಮುಕುಂದ ಬಾಯಿ ಮುಚ್ಚಿದ. ನೀರು ಕುಡಿದ. ಸುಳ್ಳು ಹೇಳುವುದು ತಪ್ಪೆಂದು ಎಲ್ಲ ಧರ್ಮಗಳೂ ಹೇಳುತ್ತವೆ. ಊಟದ ಮಧ್ಯೆ ನೀರು ಕುಡಿಯುವುದು ತಪ್ಪೆಂದು ಯಾವ ಧರ್ಮವೂ ಹೇಳುವುದಿಲ್ಲ.

ಆ ಫೋಟೋ ತೆಗೆದದ್ದು ಅದೇ ದ್ವೀಪದ ಅಂಚಿನ ಟುವಾಸ್ ಎಂಬ ಕಾರ್ಖಾನೆ ಪ್ರದೇಶದಲ್ಲಿ. ಅಲ್ಲಿ ಮೀನು, ಸೀಗಡಿ, ಬಟಾಣಿಗಳನ್ನು ಹೆಪ್ಪುಗಟ್ಟಿಸಿ ಇಡುವ ದೊಡ್ಡ ಗೋಡೌನೊಂದರಲ್ಲಿ ಮುಕುಂದನಿಗೆ ಕೆಲಸ. ಕೆಲಸವೂ ಚಳಿಯಲ್ಲಲ್ಲ, ತಂಪು ಕೋಣೆಯ ಹೊರಗೆ ಕಂಪ್ಯೂಟರಿನ ಮುಂದೆ ಕೂತು ಯಾವ ಮಾಲು ಯಾವ ಸಾಲಿಗೆ ಹೋಗಬೇಕೆಂದು ಹೇಳುವುದು. ಸುರಕ್ಷತೆಯ ತಪಾಸಣೆಗೆಂದು ಒಂದು ದಿನ ಮೇಲಿನವರು, ಒಳಗೆ ಹೋಗುವವರು ಹೇಗೆ ಉಡುಪು ತೊಡಬೇಕು ಎನ್ನುವುದಕ್ಕೆ ಒಂದು ಮಾದರಿ ಚಿತ್ರ ಬೇಕೆಂದರು. ಕೈ ಖಾಲಿಯಿದ್ದವನು ಮುಕುಂದ. ಕೈಗೆ ಕೊಟ್ಟ ಕೋಲುಗಳು, ಚಾವಣಿಯ ಕೊಳವೆಗೆ ಕಟ್ಟಿದ ಮಂಜುಗಡ್ಡೆಯನ್ನು ತಟ್ಟಿ ಬೀಳಿಸುವಂಥವು.

ಚಿತ್ರ ಚೆನ್ನಾಗಿ ಬಂದಿತ್ತು. ಹೆಂಡತಿ ನಳಿನಿ ಅದನ್ನು ಗಂಡನ ಡೀಪಿಗೆ ಹಾಕಿದಳು. ಆದರೆ ಚಿತ್ರದ ಎರಡೂ ಅಂಚಿನಲ್ಲಿ ಸೀಗಡಿ ಪೆಟ್ಟಿಗೆಗಳು, ಪೆಟ್ಟಿಗೆಯ ಮೇಲೆ ಮೀಸೆ ಸಮೇತ ಸೀಗಡಿಯ ಬಣ್ಣದ ಚಿತ್ರ. ಮೈಸೂರಿನಲ್ಲಿರುವ ನಳಿನಿಯ ಅಮ್ಮ ಬಹಳ ಮಡಿ. ಅಳಿಯ ತರಕಾರಿ ಗೋಡೌನಿನಲ್ಲಿ ಇದ್ದಾನೆಂದೇ ಆಕೆಯ ತಿಳಿವಳಿಕೆ. ಹಾಗಾಗಿ ನಳಿನಿ ಎಡಬಲ ಕತ್ತರಿಸಿದಳು, ಕೆಳಗೂ ಒಂದು ಪೆಟ್ಟಿಗೆಯಿತ್ತೆಂದು ಮೊಣಕಾಲಿನ ತನಕ ಕತ್ತರಿಸಿದಳು. ಉಳಿದದ್ದು ಆಲ್ಪ್ಸ್.

"ನಿಜ ಹೇಳಿಬಿಡ್ರೀ," ಎಂದಳು ನಳಿನಿ, ಮನೆಗೆ ಬಂದ ಮೇಲೆ.

"ನೀನು ಕತ್ತರಿಸಿದ್ದಕ್ಕೇ ಹಿಂಗಾಗಿದ್ದು."

"ಸೀಗಡಿ ಇತ್ತಲ್ಲ. ಅಮ್ಮ ನೋಡಿದ್ರೆ ಮುಂದಿನ ಸಲ ನಿಮಗೆ ಅಡಿಗೆಮನೆಗೆ ಎಂಟ್ರಿ ಇರ್ತಿತ್ತಾ?"

ಅಷ್ಟರಲ್ಲಿ ಹಿತಾ ಒಳಗಿನಿಂದ ಬಂದು, ಎಂದೂ ಇಲ್ಲದ ಹಾಗೆ ಸೋಫಾದಲ್ಲಿ ಅಪ್ಪನ ಪಕ್ಕವೇ ಕೂತಳು.

"ಅಪ್ಪ, ನಂಗೆ ಯಾಕೆ ಹೇಳ್ಲಿಲ್ಲ? ಕ್ಲಾಸ್ ಗ್ರೂಪಲ್ಲಿ ಹಾಕ್ದೆ ಆಗ್ಲೇ. ನನ್ನ ಫ್ರೆಂಡ್ ವೆಯ್ ಟಿಂಗ್ ಅಪ್ಪ ಗಾಲ್ಫ್ ಆಡ್ತಾರೆ, ಅಷ್ಟೇ. ಸ್ಕೀ ಯಾರಿಗೂ ಬರಲ್ಲ ಲಾ." ಮಾತಿನ ಕೊನೆಗೆ ಆ 'ಲಾ' ಹಚ್ಚುವುದು ಅಲ್ಲಿನ ಮಕ್ಕಳ ರೂಢಿ.

"ಅದು ಹಂಗಲ್ಲ ಪುಟ್ಟಿ..."

"ಬೀಳೋವಾಗ ನೋವಾಗತ್ತಾ?"

"ಮೆತ್ತಗೆ ಇರತ್ತೆ," ಎಂದ ಮುಕುಂದ. ಅದು ಸುಳ್ಳಲ್ಲ, ಹಾಗೆ ಇರಬಹುದೆಂದು ಅವನು ಬಹಳ ದಿನದಿಂದ ನಂಬಿದ್ದ. ಗೋಡೌನಿನ ಬಾಗಿಲಿಗೆ ಒಂದು ಗುಂಡನೆಯ ಗಾಜು ಇತ್ತು. ಊಟವಾದ ಮೇಲೆ ಅವನು ಅದಕ್ಕೆ ಹಣೆ ಆನಿಸಿ ಒಳಗೆ ನೋಡುತ್ತಿದ್ದ. ಒಳಗೆ ದೀಪದ ಕೆಳಗೆ ಬಿಳಿಯ ಹಬೆ ಏಳುವುದೂ ಇಲ್ಲದೆ ಇಳಿಯುವುದೂ ಇಲ್ಲದೆ ತೂಗುತ್ತಿರುತ್ತಿತ್ತು, ಮಾಗಿಯ ಬೆಳಗ್ಗೆ ಗದ್ದೆ ಬಯಲಿನ ಮೇಲೆ ನಿಲ್ಲುತ್ತದಲ್ಲ, ಹಾಗೆ. ಅದು ಯಾವತ್ತಾದರೂ ಬಿದ್ದೀತು ಎಂದು ಅವನು ಕಾಯುತ್ತಿದ್ದ. ಬೀಳುತ್ತಿರಲಿಲ್ಲ. ಫೋರ್ಕ್‌ಲಿಫ್ಟು ಬಂದು ಹಾರ್ನ್ ಹೊಡೆದರೆ ಪಕ್ಕಕ್ಕೆ ಸರಿಯುತ್ತಿದ್ದ.

ಮಗಳ ಎದುರಿಗೆ ಹೇಳುವುದು ಬೇಡ, ಶಿವರಾಮ್ ಒಬ್ಬರಿಗೇ ಹೇಳಿ, ಅವರು ಹೇಗೋ ಸದ್ದಿಲ್ಲದೆ ಲೀಡರನ್ನು ಬದಲಾಯಿಸಲಿ ಎಂದು ತೀರ್ಮಾನಿಸಿ, ಮುಕುಂದ ಆ ವಾರವೇ ರಜ ಹಾಕಿ ಟೋವಾ ಪಾಯೋಗೆ ಹೋದ. ಹಾಕರ್ ಸೆಂಟರ್ ಎಂದು ಕರೆಯುವ ತಿಂಡಿ ಅಂಗಡಿಗಳ ಸಾಲಿನ ಒಂದು ಮೇಜಿನಲ್ಲಿ ಇಬ್ಬರೂ ಚಹಾ ಇಟ್ಟುಕೊಂಡು ಕೂತರು. ಮೇಲೆ ಫ್ಯಾನು ತಿರುಗುತ್ತಿದ್ದರೂ ಬೆವರು ಇಳಿಯುತ್ತಿತ್ತು.

"ಶಿವರಾಮ್, ಒಂದು ವಿಷಯ. ನಾನು ಸ್ಕೀಯಿಂಗ್ ಮಾಡಿಲ್ಲ."

"ಎಷ್ಟು ವರ್ಷ ಆಯ್ತು ಮಾಡ್ದೆ?"

"ಹುಟ್ಟಿದಾಗಿಂದ."

ಶಿವರಾಮ್ ನಗಲು ಶುರುಮಾಡಿದವರು ಪಕ್ಕದ ಮೇಜಿನ ಅಜ್ಜ ತಿರುಗಿ ನೋಡುವ ತನಕ ನಕ್ಕರು. "ಏನ್ ಸಾರ್ ನೀವು. ನಗ್ಸೋವಾಗ್ಲೂ ಮುಖ ಹಂಗೇ ಇಟ್ಕೋತೀರಲ್ಲ."

"ಅಲ್ಲ, ನಿಜವಾಗ್ಲೂ. ಆ ಫೋಟೋ ಟುವಾಸ್‌ದು."

"ಟುವಾಸ್‌ದು," ಎಂದು ಶಿವರಾಮ್ ಕಣ್ಣೊರೆಸಿಕೊಂಡರು. "ಟುವಾಸಲ್ಲಿ ಹಿಮ. ಸಾರ್, ದಮ್ಮಯ್ಯ, ಚಹಾ ಮೂಗಿಗೆ ಹತ್ತತ್ತೆ."

ಮುಕುಂದ ಹೊರಗೆ ನೋಡಿದ. ಕೊಡೆ ಹಿಡಿದ ಜನ ಬಿಸಿಲಿಗೆ ಕರಗುತ್ತ ಹೋಗುತ್ತಿದ್ದರು. ಈ ಊರಿನಲ್ಲಿ ಕೂತು ಹೇಳಿದರೆ ಅದು ತಮಾಷೆಯ ಹಾಗೆಯೇ ಕೇಳುತ್ತದೆಂದು ಅವನಿಗೂ ಅನ್ನಿಸಿತು. ನಿಜಕ್ಕೆ ಸ್ವಲ್ಪವಾದರೂ ನಂಬುವಂಥ ಮುಖ ಇರಬೇಕು.

"ನಂಗರ್ಥ ಆಗತ್ತೆ," ಎಂದರು ಶಿವರಾಮ್, ಅವನ ಕೈ ಮೇಲೆ ಕೈಯಿಟ್ಟು. "ಚೆನ್ನಾಗಿ ಬರೋರು ಹಿಂಗೇ, ನಂಗೇನೂ ಬರಲ್ಲ ಅಂತಾರೆ. ಆದ್ರೆ ನಮಗೆ ಟ್ರೈನಿಂಗ್ ಬೇಕೇ ಬೇಕು ಸಾರ್. ನಿಮ್ಮ ಬ್ಲಾಕಿನ ವಾಯ್ಡ್ ಡೆಕ್ಕಲ್ಲಿ, ಭಾನುವಾರ ಭಾನುವಾರ. ನಾನಾಗ್ಲೇ ಎಲ್ಲರಿಗೂ ಮೆಸೇಜ್ ಹಾಕಿದೀನಿ."

ವಾಯ್ಡ್ ಡೆಕ್ ಎಂದರೆ ಅಲ್ಲಿನ ಸರ್ಕಾರಿ ಬ್ಲಾಕುಗಳ ಕೆಳಗೆ, ಕಂಬಗಳ ನಡುವೆ ಖಾಲಿ ಬಿಟ್ಟ ನೆಲದಂತಸ್ತು. ಮೇಲಿನ ಮನೆಗಳಲ್ಲಿ ಮದುವೆಯಾದರೂ ಅಲ್ಲೇ, ಸಾವಾದರೂ ಅಲ್ಲೇ. ಮಿಕ್ಕ ದಿನ ಗಾಳಿ ಮಾತ್ರ ಈ ಕಡೆಯಿಂದ ಆ ಕಡೆಗೆ ಹಾದು ಹೋಗುತ್ತಿರುತ್ತದೆ.

ಮೊದಲ ಭಾನುವಾರ ಮಧ್ಯಾಹ್ನ ಉಳಿದ ನಾಲ್ಕು ಸಂಸಾರಗಳೂ ವುಡ್‌ಲ್ಯಾಂಡ್ಸ್ ಬಡಾವಣೆಯ ಮುಕುಂದನ ಬ್ಲಾಕಿಗೆ ಬಂದಿಳಿದವು. ಮೈಗೆ ಒಗ್ಗಲಿ ಎಂದು ಎಲ್ಲರೂ ಹೊಸದಾಗಿ ಕೊಂಡ ಕಪ್ಪು ಉಣ್ಣೆ ಕೋಟು ಹಾಕಿಕೊಂಡೇ ಬರಬೇಕೆಂದು ಶಿವರಾಮ್ ಆಜ್ಞೆ ಮಾಡಿದ್ದರು. ಹಿಮದ ಭಾವನೆ ಬರಲೆಂದು ಜಯಾ ಎರಡು ಕಂಬಗಳ ನಡುವೆ ಒಂದು ಬಿಳಿಯ ಬೆಡ್‌ಶೀಟು ಕಟ್ಟಿದರು. ಕೋಲಿಗೆ ಬದಲು ನೆಲ ಒರೆಸುವ ಮಾಪಿನ ಕೋಲುಗಳು. ಎಲ್ಲರೂ ಸಾಲಾಗಿ ನಿಂತು ಬೆವರು ಸುರಿಸುತ್ತ ಲೀಡರ ಮುಖ ನೋಡಿದರು. ಹಿತಾ ಮುಂದಿನ ಸಾಲಿನಲ್ಲೇ ಇದ್ದಳು.

ಮುಕುಂದ ಹಿಂದಿನ ರಾತ್ರಿ ಫೋನಿನಲ್ಲಿ ವಿಡಿಯೋಗಳನ್ನು ನೋಡಿದ್ದ. ಆದರೆ ಸ್ಕೀ ಮಾಡುವವರು ಎಷ್ಟು ಬೇಗ ಹೋಗಿಬಿಡುತ್ತಿದ್ದರೆಂದರೆ, ಏನು ಮಾಡಿದರೆಂದು ತಿಳಿಯುವಷ್ಟರಲ್ಲಿ ಬರೀ ಬೆಟ್ಟ ಉಳಿದಿರುತ್ತಿತ್ತು. ಈಗ ಅಷ್ಟು ಜನ ಬಾಯಿಬಿಟ್ಟುಕೊಂಡು ನಿಂತಿರುವಾಗ ಏನಾದರೂ ಹೇಳಲೇಬೇಕಿತ್ತು. ಅವನು ಕಣ್ಣು ಮುಚ್ಚಿದ. ವಾಯ್ಡ್ ಡೆಕ್ಕಿನ ನುಣುಪು ನೆಲದ ತಂಪು ಕಾಲಿಗೆ ತಗುಲಿತು. ತಗುಲಿದ್ದೇ ಅವನಿಗೆ ಮಳವಳ್ಳಿ ಕಡೆಯ ಅವರೂರಿನ ಕಾಲುವೆ ಬಯಲು ಕಣ್ಣ ಮುಂದೆ ಬಂತು.

ನಾಟಿಗೆ ಮುಂಚೆ ಗದ್ದೆಗೆ ನೀರು ಬಿಟ್ಟು, ಎತ್ತಿಗೆ ಹಲಗೆ ಕಟ್ಟಿ ಕೆಸರು ಮಟ್ಟ ಮಾಡುತ್ತಾರೆ. ಹಲಗೆಗೆ ಭಾರ ಬೇಕಲ್ಲ, ಅದಕ್ಕೆ ಹುಡುಗರನ್ನು ಹತ್ತಿಸುತ್ತಾರೆ. ಮುಕುಂದ ಎಂಟು ಹತ್ತು ವರ್ಷದವನಿದ್ದಾಗ ಆ ಬಯಲಿಗೆಲ್ಲ ಅವನೇ ಭಾರ. ಎತ್ತು ಹೊರಟರೆ ಹಲಗೆ ನೀರನ್ನು ಸೀಳಿಕೊಂಡು ಜಾರುತ್ತಿತ್ತು. ನೀರಿನೊಳಗೆ ಇಡೀ ಆಕಾಶ ಬಿದ್ದಿರುತ್ತಿತ್ತು. ಮೋಡದ ಮೇಲೆ ಹೋಗುತ್ತಿದ್ದೇನೆಯೋ ಕೆಸರಿನ ಮೇಲೋ ತಿಳಿಯುತ್ತಿರಲಿಲ್ಲ. ಹಿಂದೆ ಬೆಳ್ಳಕ್ಕಿಗಳು ಒಂದೊಂದಾಗಿ ಇಳಿಯುತ್ತಿದ್ದವು.

"ಮೊಣಕಾಲು ಮಡಿಸಿ," ಎಂದ ಮುಕುಂದ ಕಣ್ಣು ಮುಚ್ಚಿಕೊಂಡೇ. ದನಿ ತನ್ನದಲ್ಲದ ಹಾಗೆ ಗಟ್ಟಿಯಾಗಿ ಬಂತು. "ಬಿಗಿಯಾಗಿ ನಿಂತ್ರೆ ಬಿದ್ರಿ ಅಂತ್ಲೇ ಲೆಕ್ಕ. ಕಾಲ ಕೆಳಗೆ ನೋಡ್ಬೇಡಿ, ದೂರದ ಬದು ನೋಡಿ. ಮೈ ಹಗುರ ಬಿಡಿ. ಅದು ಎಳ್ಕೊಂಡು ಹೋಗತ್ತೆ, ನೀವು ಸುಮ್ನೆ ನಿಂತಿರಬೇಕು."

ಎಲ್ಲರೂ ಮೊಣಕಾಲು ಮಡಿಸಿದರು. ಜಯಾ ಅವರ ಮೊಣಕಾಲು ಲಟ್ ಎಂದಿತು.

"ತಿರುಗೋವಾಗ ಏನ್ ಮಾಡ್ಬೇಕು ಸಾರ್?" ಎಂದರು ಜಯಾ.

"ತಿರುಗೋವಾಗ ಬಾಲ ಹಿಡ್ಕೊಬೇಕು."

ಎಲ್ಲರೂ ತಂತಮ್ಮ ಹಿಂದೆ ತಿರುಗಿ ನೋಡಿಕೊಂಡರು.

"ಯಾರ ಬಾಲ?" ಎಂದರು ಪ್ರತಾಪ್.

ಮುಕುಂದ ಕಣ್ಣು ತೆರೆದ. ಎತ್ತು ಇರಲಿಲ್ಲ. "ಕೋಲಿನ ಬಾಲ," ಎಂದ. "ಕೋಲಿಗೆ ಹಿಂದುಗಡೆ ಇರತ್ತಲ್ಲ, ಅದಕ್ಕೆ ಹಂಗಂತಾರೆ."

"ಆಸ್ಟ್ರಿಯಾದಲ್ಲಿ," ಎಂದು ಶಿವರಾಮ್ ಎಲ್ಲರಿಗೂ ವಿವರಿಸಿದರು. ಎಲ್ಲರೂ ಮಾಪಿನ ಹಿಂದುಗಡೆ ಹಿಡಿದುಕೊಂಡರು.

ಇದೇ ಹೊತ್ತಿಗೆ ಮೂರನೆಯ ಮಹಡಿಯ ಕ್ವೆಕ್ ಅಂಕಲ್ ಮಾರ್ಕೆಟ್ಟಿನಿಂದ ಬಂದರು. ಎಪ್ಪತ್ತು ದಾಟಿದ ಚೀನೀ ಮುದುಕ, ಇಡೀ ಬ್ಲಾಕಿನ ಕಷ್ಟಸುಖ ವಿಚಾರಿಸುವವರು. ಕಪ್ಪು ಬಟ್ಟೆ ತೊಟ್ಟ ಇಷ್ಟು ಜನ ಬಿಳಿಯ ಬಟ್ಟೆಯ ಮುಂದೆ ಸಾಲಾಗಿ ಮೊಣಕಾಲು ಮಡಿಸಿ, ಮುಖದಲ್ಲಿ ನೀರಿಳಿಸುತ್ತ ಬಾಗಿ ನಿಂತದ್ದನ್ನು ಕಂಡು ಅವರ ಕೈಯ ಚೀಲ ಹಾಗೇ ಕೆಳಗಿಳಿಯಿತು. ಸದ್ದಿಲ್ಲದೆ ಲಿಫ್ಟು ಹತ್ತಿದರು. ಸ್ವಲ್ಪ ಹೊತ್ತಿಗೆ ಬಿಳಿಯ ಅಂಗಿ ತೊಟ್ಟು, ಕೈಯಲ್ಲಿ ಸಾವಿನ ಮನೆಗೆ ದುಡ್ಡಿಟ್ಟು ಕೊಡುವ ಬಿಳಿಯ ಲಕೋಟೆ ಹಿಡಿದು, ಹಿಂದೆ ನಾಲ್ಕಾರು ಮನೆಯವರನ್ನು ಕರೆದುಕೊಂಡು ಇಳಿದು ಬಂದರು. ಒಬ್ಬಾಕೆ, ಸಾವಿಗೆ ಬಂದವರ ಮುಂದೆ ಇಡುವ ಕಡಲೆಕಾಯಿಯ ತಟ್ಟೆ ತಂದಿದ್ದಳು. ಎಲ್ಲರೂ ಬೆಡ್‌ಶೀಟಿಗೆ ಮೂರು ಸಲ ಬಾಗಿ ನಮಸ್ಕರಿಸಿದರು. ಅವರು ಬಾಗಿದ್ದನ್ನು ನೋಡಿ, ಅದೂ ಟ್ರೈನಿಂಗಿನ ಭಾಗವೆಂದು ತಿಳಿದು ಶಿವರಾಮ್ ಮತ್ತೂ ಕೆಳಗೆ ಬಾಗಿದರು, ಅವರ ಹಿಂದೆ ಇಡೀ ಸಾಲು ಬಾಗಿತು.

"ಯಾರು ಹೋದ್ರು?" ಎಂದು ಕ್ವೆಕ್ ಅಂಕಲ್ ಮುಕುಂದನ ಕೈ ಹಿಡಿದು ಮೆಲ್ಲಗೆ ಕೇಳಿದರು. "ನಿನ್ನ ಅತ್ತೆಯಾ?"

ಮುಕುಂದ ಗಾಬರಿಯಲ್ಲಿ ತಲೆಯಾಡಿಸಿದ. ತಲೆಯಾಟದ ವಿಷಯ ಆಗಲೇ ಹೇಳಿದೆ. ಕ್ವೆಕ್ ಅಂಕಲ್ ಕಣ್ಣಲ್ಲಿ ನೀರು ತುಂಬಿತು. "ಹೋದ ವರ್ಷ ಬಂದಾಗ ನಂಗೆ ಉಪ್ಪಿನಕಾಯಿ ಕೊಟ್ಟಿದ್ಳು," ಎಂದರು. ನಳಿನಿ ಓಡಿಬಂದು, ಅಮ್ಮ ಮೈಸೂರಿನಲ್ಲಿ ಗಟ್ಟಿಮುಟ್ಟಾಗಿದ್ದಾಳೆಂದು ಹೇಳಬೇಕಾಯಿತು.

ಬಿಡಿಸಿ ಹೇಳಿದವಳು ಹಿತಾ. "ಯಾರೂ ಸತ್ತಿಲ್ಲ ಲಾ ಅಂಕಲ್. ನಮ್ಮಪ್ಪ ಸ್ಕೀ ಹೇಳಿಕೊಡ್ತಿದಾರೆ."

"ಸ್ಕೀ. ಇಲ್ಲಿ." ಕ್ವೆಕ್ ಅಂಕಲ್ ಲಕೋಟೆಯನ್ನು ಜೇಬಿಗಿಟ್ಟು ಮುಕುಂದನನ್ನು ಮೇಲಿನಿಂದ ಕೆಳತನಕ ನೋಡಿದರು. "ಹಿಮ ಇಲ್ಲದೇ ಹೇಳಿಕೊಡ್ತಾನಾ? ಹಾಗಾದ್ರೆ ನಿನ್ನಪ್ಪ ಬಹಳ ದೊಡ್ಡ ಮಾಸ್ಟರ್."

ಹಿತಾ ಅಪ್ಪನ ತೋಳಿಗೆ ತೋಳು ತಾಗಿಸಿ ನಿಂತಳು. ಮುಕುಂದನಿಗೆ ಅದು ಸುಖವಾಗಿಯೂ ಇತ್ತು, ಸಾಲ ತಂದ ದುಡ್ಡಿನ ಹಾಗೂ ಇತ್ತು.

ಬ್ಲಾಕಿನ ಉಸ್ತುವಾರಿಯ ಹಾಶಿಮ್ ಎಂಬ ಅಧಿಕಾರಿಯೂ ಸುದ್ದಿ ಕೇಳಿ ಬಂದ. ಶಾಂತ ಮನುಷ್ಯ. ಮದುವೆಯೋ ಸಾವೋ ಎಂದು ಕೇಳಿದ. ಸ್ಕೀಯಿಂಗ್ ಎಂದರು. ಅವನು ಬೆಡ್‌ಶೀಟನ್ನೂ ಕೋಟುಗಳನ್ನೂ ಬಹಳ ಹೊತ್ತು ನೋಡಿದ. ಮದುವೆ, ಸಾವು ಎರಡಕ್ಕೂ ನಿಯಮ ಅವನಿಗೆ ಗೊತ್ತಿತ್ತು, ಈ ಮೂರನೆಯದಕ್ಕೆ ಗೊತ್ತಿರಲಿಲ್ಲ. ಕಡೆಗೆ, ಜಾರಲಿ ಎಂದು ಪ್ರತಾಪ್ ನೆಲಕ್ಕೆ ಚೆಲ್ಲಿದ್ದ ಟಾಲ್ಕಂ ಪೌಡರನ್ನು ತೋರಿಸಿ, "ಹಿಮ ಗುಡಿಸಿ ಹೋಗಿ," ಎಂದಷ್ಟೇ ಹೇಳಿ ಹೊರಟುಹೋದ.

ಪ್ರತಾಪ್ ಗುಡಿಸುತ್ತ ಗುಡಿಸುತ್ತ, "ಅಲ್ಲಿಗೆ ಹೋದ ಮೇಲೆ ಗೊತ್ತಾಗತ್ತೆ ಬಿಡಿ," ಎಂದರು. ಯಾರಿಗೆಂದು ಹೇಳಲಿಲ್ಲ.

ಭಾನುವಾರಗಳು ಕಳೆದವು. ಕ್ವೆಕ್ ಅಂಕಲ್ ಪ್ರತಿ ವಾರ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಮುಕುಂದ ಹೇಳಿಕೊಡುತ್ತ ಹೋದ ಹಾಗೆಲ್ಲ ತನಗೆ ಬರುವುದೆಂದೇ ಅವನಿಗೂ ಕೆಲವೊಮ್ಮೆ ಅನ್ನಿಸುತ್ತಿತ್ತು. ಬಸ್ಸಿನಲ್ಲಿ ಟುವಾಸಿಗೆ ಹೋಗುವಾಗ ಕಣ್ಣು ಅರೆಮುಚ್ಚಿ ಮೊಣಕಾಲು ಮಡಿಸುತ್ತಿದ್ದ. ಗಾಜಿನಾಚೆ ಕಾರ್ಖಾನೆಗಳ ಬಿಳಿಯ ಚಾವಣಿಗಳು ಮೆಲ್ಲಗೆ ಇಳಿಜಾರಾಗುತ್ತಿದ್ದವು. ಆದರೆ ಬಸ್ಸು ಬ್ರೇಕ್ ಹಾಕಿದೊಡನೆ ನೆನಪಾಗುತ್ತಿತ್ತು: ಅಲ್ಲಿ ಬೆಟ್ಟದ ತುದಿಯಲ್ಲಿ ನಿಂತ ದಿನ, ಹಿತಾ ನೋಡುತ್ತಿರುತ್ತಾಳೆ. ಆಮೇಲೆ ಮತ್ತೆ ಲಿಫ್ಟಿನ ಬಾಗಿಲು. ಅದಕ್ಕಿಂತ ಕೆಟ್ಟದ್ದು, ಸುಳ್ಳು ಹೇಳಿದ ಲಿಫ್ಟಿನ ಬಾಗಿಲು.

ಡಿಸೆಂಬರಿನಲ್ಲಿ ಅವರು ಹೋಗಿ ಇಳಿದ ಆಸ್ಟ್ರಿಯಾದ ಬೆಟ್ಟದೂರಿನಲ್ಲಿ ಎಲ್ಲವೂ ಬಿಳಿ. ಮನೆಗಳ ಮಾಡು, ಬೇಲಿ, ನಿಂತ ಕಾರು ಎಲ್ಲವೂ ದಪ್ಪನೆಯ ಹತ್ತಿ ಹೊದ್ದು ಮಲಗಿದ್ದವು. ಸದ್ದೇ ಇರಲಿಲ್ಲ. ಐದು ಸಂಸಾರ ಕುಕ್ಕರು, ಅವಲಕ್ಕಿ, ಚಟ್ನಿಪುಡಿ ಸಮೇತ ಬಂದಿಳಿದದ್ದೇ ಅಲ್ಲಿ ಆ ವರ್ಷದ ದೊಡ್ಡ ಸದ್ದು.

ಮಾರನೆಯ ಬೆಳಗ್ಗೆ ಸ್ಕೀ ಕಲಿಸುವ ಲುಕಾಸ್ ಎಂಬ ಎತ್ತರದ ತರುಣ ಅವರನ್ನು ಕಲಿಯುವವರ ಇಳಿಜಾರಿಗೆ ಕರೆದೊಯ್ದ. ಅಲ್ಲಿ ಜನರನ್ನು ನಿಲ್ಲಿಸಿಕೊಂಡು ಮೇಲಕ್ಕೆ ಹೊತ್ತೊಯ್ಯುವ ಒಂದು ಚಲಿಸುವ ಪಟ್ಟಿ ಇತ್ತು. ಮೇಲೆ ಮುಟ್ಟಿದ ಮೇಲೆ ಲುಕಾಸ್ ಪಾಠ ಶುರುಮಾಡಲು ಬಾಯಿ ತೆರೆದ. ಶಿವರಾಮ್ ಅಡ್ಡ ಬಂದರು.

"ನೋ ನೀಡ್. ನಮಗೆಲ್ಲ ಟ್ರೈನಿಂಗ್ ಆಗಿದೆ. ಇವರು ನಮ್ಮ ಮಾಸ್ಟರ್."

ಲುಕಾಸ್ ಮುಕುಂದನಿಗೆ ಗೌರವದಿಂದ ತಲೆಬಾಗಿದ. ಹಾಗಾದರೆ ಮಾಸ್ಟರ್ ಮೊದಲು ಹೋಗಲಿ, ಉಳಿದವರು ಅವರನ್ನು ನೋಡಿಕೊಂಡು ಬರಲಿ ಎಂದ. ಪ್ರತಾಪ್ ಫೋನು ತೆಗೆದು ವಿಡಿಯೋಗೆ ಹಿಡಿದರು. "ಈ ಸಲ ಕಾಲೂ ಬರೋ ಹಂಗೆ ತೆಗೀತೀನಿ," ಎಂದರು.

ಮುಕುಂದ ಮಗಳ ಕಡೆ ನೋಡಿದ. ಹಿತಾ ಎರಡೂ ಹೆಬ್ಬೆರಳು ಎತ್ತಿ ತೋರಿಸಿದಳು. ಈಗಲಾದರೂ ಹೇಳಿಬಿಡೋಣ ಎಂದು ಅವನು ಅವಳ ಕಡೆಗೆ ಬಾಗಿದ. ಬಾಗಿದವನ ಮೂಗಿನ ಮೇಲೆ ಏನೋ ತಣ್ಣಗೆ ಕೂತಿತು.

ಹಿಮ ಬೀಳುತ್ತಿತ್ತು.

ಅವನು ತಲೆಯೆತ್ತಿದ. ಮೇಲೆ ಆಕಾಶವೆಂಬುದು ಇರಲಿಲ್ಲ. ಬೂದು ಬಣ್ಣದ ಆಳದಿಂದ ಬಿಳಿಯ ತುಣುಕುಗಳು ಆತುರವಿಲ್ಲದೆ, ತಮಗೆ ಬೇಕಾದ ಕಡೆಗೆ ಇಳಿಯುತ್ತಿದ್ದವು. ಕೆಲವು ಇಳಿಯುವುದನ್ನು ಮರೆತು ಮತ್ತೆ ಮೇಲಕ್ಕೆ ಹೋಗುತ್ತಿದ್ದವು. ಮುಕುಂದ ಬಾಯಿ ತೆರೆದು ನಿಂತ. ಶಿವರಾಮ್ ಇಲ್ಲ, ಪ್ರತಾಪ್ ಇಲ್ಲ, ಮಾಸ್ಟರೂ ಇಲ್ಲ. ತಾನು ನಿಂತಲ್ಲೇ ಇದ್ದೇನೆ, ಬೆಟ್ಟವೇ ಮೆಲ್ಲಗೆ ಹಿಂದಕ್ಕೆ ಸರಿಯುತ್ತಿದೆ ಎಂದುಕೊಂಡ. ಸರಿಯುತ್ತಿದ್ದದ್ದು ಅವನು. ಕಾಲಿಗೆ ಕಟ್ಟಿದ ಸ್ಕೀಗಳು ಅವನನ್ನು ಕೇಳದೆ ಹೊರಟುಬಿಟ್ಟಿದ್ದವು.

ಒಂದಷ್ಟು ದೂರ ಅವನು ಹಾಗೆಯೇ, ಮುಖ ಆಕಾಶಕ್ಕೆ ಮಾಡಿಕೊಂಡು, ಕೋಲುಗಳನ್ನು ಮರೆತು ಸಾಗಿದ. ನೋಡಿದವರಿಗೆ ಅದು ಅತ್ಯುನ್ನತ ವಿದ್ಯೆಯಂತೆ ಕಂಡಿತು. ಆಮೇಲೆ ಕೆಳಗೆ ನೋಡಿದ. ನೋಡಿದ್ದೇ ತಡ, ಅವನ ಮೈಯಲ್ಲಿದ್ದ ಎಲ್ಲ ಬುದ್ಧಿಯೂ ಒಂದೇ ತೀರ್ಮಾನಕ್ಕೆ ಬಂತು. ಅವನು ಕೂತ. ಕೂತರೂ ಬೆಟ್ಟ ಬಿಡಲಿಲ್ಲ. ಕೂತುಕೊಂಡೇ, ಎರಡು ಕಾಲೂ ಮೇಲೆತ್ತಿಕೊಂಡು, ಸೊಂಯ್ ಎಂದು ಕೆಳಗಿನ ಸಮತಟ್ಟಿನ ತನಕ ಇಳಿದು ನಿಂತ.

"ನೋಡಿದ್ರಾ, ಫಸ್ಟ್ ಸ್ಟ್ಯಾಂಡಿಂಗ್, ದೆನ್ ಸಿಟಿಂಗ್," ಎಂದು ಶಿವರಾಮ್ ಹೇಳಿದ್ದು ಕೆಳತನಕ ಕೇಳಿಸಿತು. ಅವರು ಎರಡು ಹೆಜ್ಜೆ ಜಾರಿ, ಕೂತು, ಕಾಲೆತ್ತಿದರು. ಹಿಂದೆ ಜಯಾ ಕೂತರು. ಅವರ ಹಿಂದೆ ನಳಿನಿ, ಬೇರೆ ಮನೆಯವರು, ಮಕ್ಕಳು. ಒಬ್ಬರ ಹಿಂದೊಬ್ಬರು, ಮುಖದಲ್ಲಿ ಬಹಳ ಶ್ರದ್ಧೆಯಿಟ್ಟುಕೊಂಡು, ಕಪ್ಪು ಕೋಟಿನ ಆ ಸಾಲು ಬಿಳಿಯ ಬೆಟ್ಟದ ಮೇಲಿಂದ ಅಂಡು ಊರಿಕೊಂಡು ಇಳಿಯಿತು. ಪ್ರತಾಪ್ ನಿಂತೇ ಬರಲು ನೋಡಿ, ಫೋನೊಂದು ಕಡೆ ತಾವೊಂದು ಕಡೆ ಬಿದ್ದು, ಕಡೆಗೆ ಅವರೂ ಕೂತೇ ಬಂದರು. ಪಕ್ಕದ ಇಳಿಜಾರಿನಲ್ಲಿದ್ದ ಬಿಳಿಯರು ತಮ್ಮ ಆಟ ನಿಲ್ಲಿಸಿ, ಮೆರವಣಿಗೆಗೆ ದಾರಿ ಬಿಡುವವರ ಹಾಗೆ ಬದಿಗೆ ಸರಿದು ನಿಂತರು.

ನಿಂತು ಬಂದವಳು ಹಿತಾ ಒಬ್ಬಳೇ. ಲುಕಾಸ್ ಅವಳಿಗೆ ಸ್ಕೀಗಳ ಮೂತಿ ಕೂಡಿಸಿ ಹಿಮ್ಮಡಿ ಅಗಲಿಸುವುದನ್ನು ತೋರಿಸಿದ್ದ. ಅವಳು ನಡುಗುತ್ತ, ಬೀಳದೆ, ಅಪ್ಪ ಕೂತಿದ್ದ ಕಡೆಗೇ ಬಂದು ನಿಂತಳು. ಹಿಂದೆಯೇ ಲುಕಾಸ್ ಬಂದ.

ಹಿತಾ ಅಪ್ಪನನ್ನು ನೋಡಿದಳು. ಅವನ ಟೋಪಿ ಒಂದು ಕಡೆ ವಾಲಿತ್ತು, ಕೋಲುಗಳು ಬೆಟ್ಟದ ಮಧ್ಯದಲ್ಲೆಲ್ಲೋ ಉಳಿದಿದ್ದವು. ಮಗಳ ಮುಖದಲ್ಲಿ ಲೆಕ್ಕ ಕೂಡುತ್ತಿರುವುದು ಅವನಿಗೆ ಕಾಣುತ್ತಿತ್ತು. ಕೂಡಿ ಮುಗಿದದ್ದೂ ಕಂಡಿತು.

ಲುಕಾಸ್ ದನಿ ತಗ್ಗಿಸಿ ಅವಳನ್ನೇ ಕೇಳಿದ: ನಿನ್ನ ಅಪ್ಪ ಇದಕ್ಕೆ ಮುಂಚೆ ನಿಜವಾಗಿಯೂ ಸ್ಕೀಯಿಂಗ್ ಮಾಡಿದ್ದಾರಾ?

ಸುತ್ತ ಎಲ್ಲರೂ ಹಿಮ ಕೊಡವಿಕೊಳ್ಳುತ್ತಿದ್ದರು. ಪ್ರತಾಪ್ ಕಿವಿ ಇತ್ತ ಕೊಟ್ಟು, ಕೊಡವುವುದನ್ನು ನಿಲ್ಲಿಸಿದರು.

"ಹೀ ಈಸ್ ಅವರ್ ಮಾಸ್ಟರ್," ಎಂದಳು ಹಿತಾ. "ನಮ್ಮಲ್ಲಿ ಮೊದಲ ದಿನ ಎಲ್ಲರೂ ಕೂತೇ ಹೋಗ್ಬೇಕು. ರೂಲ್."

ಲುಕಾಸ್ ಆ ವಿಷಯವನ್ನು ಗಂಭೀರವಾಗಿ ಯೋಚಿಸಿದ. "ಎರಡನೇ ದಿನ?" ಎಂದು ಕೇಳಿದ.

"ಎರಡನೇ ದಿನ ನೀವು ಹೇಳಿಕೊಡ್ಬೇಕು. ಮಾಸ್ಟರ್‌ಗೂ. ಅದೂ ರೂಲ್."

ಲುಕಾಸ್ ನಗದೆ ತಲೆಬಾಗಿ ಹೋದ. ಮುಕುಂದ ಏಳಲು ನೋಡಿ ಮತ್ತೆ ಕೂತ. "ಪುಟ್ಟಿ, ಆ ಫೋಟೋ ಇದೆಯಲ್ಲ..."

"ಗೊತ್ತಾಯ್ತು ಲಾ ಅಪ್ಪ." ಅವಳು ಬಾಗಿ ಅವನ ಟೋಪಿ ಸರಿ ಮಾಡಿದಳು. "ಮೇಲೆ ನೋಡ್ಕೊಂಡು ಹೋದ್ಯಲ್ಲ, ಏನ್ ನೋಡ್ತಿದ್ದೆ?"

"ಹಿಮ ಬೀಳ್ತಿತ್ತು."

"ಅಷ್ಟೇನಾ?"

"ಅಷ್ಟೇ."

ಹಿತಾ ತಲೆಯೆತ್ತಿ ಸ್ವಲ್ಪ ಹೊತ್ತು ತಾನೂ ನೋಡಿದಳು. ಹಿಮ ಅವಳ ರೆಪ್ಪೆಯ ಮೇಲೆ ಕೂತು ಕರಗಿತು.

ಅಷ್ಟರಲ್ಲಿ ಶಿವರಾಮ್ ಮತ್ತೆ ಎಲ್ಲರನ್ನೂ ಪಟ್ಟಿ ಹತ್ತಿಸಿಕೊಂಡು ಮೇಲೆ ಮುಟ್ಟಿದ್ದರು. ಬೆಟ್ಟದ ತುದಿಯಲ್ಲಿ ಕಪ್ಪು ಕೋಟುಗಳ ಸಾಲು ಆಗಲೇ ಕೂತು, ಕಾಲೆತ್ತಿಕೊಂಡು ಕಾಯುತ್ತಿತ್ತು. ಈ ಸಲ ಪ್ರತಾಪ್ ಎಲ್ಲರಿಗಿಂತ ಮುಂದೆ ಕೂತಿದ್ದರು.

"ಮುಕುಂದ್ ಸಾರ್, ನಾವು ರೆಡಿ," ಎಂಬ ಕೂಗು ಹಿಮದಲ್ಲಿ ಮೆತ್ತಗಾಗಿ ಕೆಳಗೆ ಬಂತು.

ಮುಕುಂದ ಮಗಳ ಮುಖ ನೋಡಿದ. ಅವಳು ಅವನ ಕೈ ಹಿಡಿದೆಳೆದು ಎಬ್ಬಿಸಿ, ಪಟ್ಟಿಯ ಕಡೆಗೆ ತಿರುಗಿಸಿದಳು. ಮೇಲೆ ಹೋದ ಮೇಲೆ ತನ್ನ ಸ್ಕೀಗಳನ್ನು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು, ಸಾಲಿನ ಮುಂದೆ ಹೋಗಿ ಕೂತ ಅಪ್ಪನ ಬೆನ್ನ ಹಿಂದೆ ಹಿಮದಲ್ಲಿ ಕೂತು, ಎರಡೂ ಕೈಯಲ್ಲಿ ಅವನ ಕೋಟನ್ನು ಹಿಡಿದುಕೊಂಡಳು.

"ಹೋಗು ಅಪ್ಪ," ಎಂದಳು. "ಎಲ್ಲರೂ ಕಾಯ್ತಿದಾರೆ."